ಮಾತು ಬರುವ ತನಕ

ನನ್ನ ಸೋದರತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಮೂರು ನಿಮಿಷ ಆಗುತ್ತಿದ್ದಂತೆ ಜನರ ಮಾತಿನ ಮಧ್ಯೆ ತಲೆಹಾಕಿ, ಕರೆಯ ಸಮಯ ಮುಗಿಯಿತೆಂದು ಎಚ್ಚರಿಸುವುದೇ ಅವಳ ಕೆಲಸ. ಆ ಚಾಳಿ ಮನೆಗೂ ಬಂದಿತ್ತು. ನಾವು ಬಾಯಿ ತೆರೆದರೆ ಸಾಕು, ವಾಕ್ಯದ ಬಾಲವನ್ನು ಅವಳೇ ಜೋಡಿಸಿ ಮುಗಿಸಿಬಿಡುತ್ತಿದ್ದಳು. ಅಪ್ಪ ತಮ್ಮ ಅಕ್ಕನನ್ನು ‘ಎಕ್ಸ್‌ಪ್ರೆಸ್’ ಎನ್ನುತ್ತಿದ್ದರು. ಪ್ರಾರ್ಥನಾ ಮಂದಿರದಲ್ಲಿ ಉಳಿದವರೆಲ್ಲ ಕಣ್ಣು ಮುಚ್ಚಿರುವಾಗಲೇ ಇವಳ ಕಾಲು ಚಪ್ಪಲಿ ಹುಡುಕುತ್ತಿತ್ತು.

ನಿವೃತ್ತಿಯಾದ ವರ್ಷ, ಮಂದಿರದವರು ನಡೆಸುತ್ತಿದ್ದ ಆರೈಕೆ ಮನೆಗೆ ಸೇವೆಗೆ ಬರುತ್ತೇನೆಂದು ಎಲ್ಲರೆದುರು ಒಪ್ಪಿಕೊಂಡಳು. ಹಾಸಿಗೆ ಬಟ್ಟೆ, ಔಷಧಿ, ಬೀರು ಎಲ್ಲವನ್ನೂ ವಾರದೊಳಗೆ ಶಿಸ್ತಿಗೆ ತರುವ ಹುಮ್ಮಸ್ಸು ಅವಳಿಗೆ. ಅಲ್ಲಿನ ನರ್ಸ್ ಮಾತ್ರ ಅವಳನ್ನು ಕಿಟಕಿ ಪಕ್ಕದ ಮಂಚಕ್ಕೆ ಕರೆದೊಯ್ದು, ದಿನಕ್ಕೊಂದು ಗಂಟೆ ಇವರನ್ನು ಮಾತಾಡಿಸಿದರೆ ಸಾಕು ಎಂದಳು. ಮಂಚದ ಮೇಲಿದ್ದವರು ಒಬ್ಬ ಮುದಿ ಬಡಗಿ. ಲಕ್ವ ಹೊಡೆದು ಬಲಗೈಯೂ ಮಾತೂ ಬಿದ್ದುಹೋಗಿದ್ದವು.

ಮೊದಲ ದಿನ ಬಡಗಿ ಬಹಳ ಕಷ್ಟಪಟ್ಟು “ನೀ...” ಅಂದರು. ಅತ್ತೆ ತಟ್ಟನೆ ನೀರು ಕುಡಿಸಿದಳು. ಮತ್ತೆ “ನೀ...” ಅಂದರು, ಮತ್ತೆ ನೀರು. ಮೂರನೆಯ ಸಲ ಅವರು ಎಡಗೈಯಿಂದ ಲೋಟ ತಳ್ಳಿಬಿಟ್ಟರು. ದೇವರ ಸೇವೆಗೆ ಹೋಗಿ ಸೀರೆಯೆಲ್ಲ ಒದ್ದೆ ಮಾಡಿಸಿಕೊಂಡು ಬಂದೆ ಎಂದು ಅವತ್ತು ಸಂಜೆ ನಮ್ಮನೆಯಲ್ಲಿ ಧುಮುಗುಟ್ಟಿದಳು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದಳು. ಆದರೆ ಕೊಟ್ಟ ಮಾತು ಬಿಡುವ ಹೆಂಗಸಲ್ಲ, ಮಾರನೆಯ ದಿನ ಹೋದಳು.

ನರ್ಸ್ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು: “ಅಮ್ಮಾ, ಅವರಿಗೆ ಬೇಕಾಗಿರೋದು ನಿಮ್ಮ ಮಾತಲ್ಲ, ಅವರದ್ದೇ ಮಾತು. ಅದು ಬರೋ ತನಕ ನೀವು ಸುಮ್ನಿರ್ಬೇಕು.”

ಸುಮ್ಮನಿರುವುದು! ಅತ್ತೆಗೆ ಅದಕ್ಕಿಂತ ಕಲ್ಲು ಹೊರುವುದೇ ಸುಲಭವಿತ್ತು. ನಾಲಿಗೆಗೆ ಬೇರೇನಾದರೂ ಕೆಲಸ ಬೇಕಲ್ಲ ಎಂದು, ಮಂದಿರದಲ್ಲಿ ಉದ್ದವಾಯಿತೆಂದು ತಾನು ಗೊಣಗುತ್ತಿದ್ದ ಪ್ರಾರ್ಥನೆಯನ್ನೇ ಮನಸ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ಹೇಳಿಕೊಳ್ಳತೊಡಗಿದಳು. ಹೆಗಲಿಗೆ ಚೀಲ ಹಾಕಿಕೊಂಡು ಮಂಚದ ಪಕ್ಕ ನಿಂತೇ ಇರುತ್ತಿದ್ದಳು. ಐದನೆಯ ವಾರದ ಒಂದು ಬೆಳಿಗ್ಗೆ, ಪ್ರಾರ್ಥನೆ ಎರಡು ಸುತ್ತು ಮುಗಿಯುವಷ್ಟು ಹೊತ್ತು ಬಾಯಿ ಕದಲಿಸಿ, ಬಡಗಿ ಅಂತೂ ಪೂರ್ತಿ ಹೇಳಿದರು:

“ನೀನು... ಕೂತ್ಕೋ... ತಾಯಿ.”

ಮಂಚದ ಕೆಳಗೆ ಸ್ಟೂಲು ಇತ್ತು. ಅಷ್ಟು ದಿನವೂ ಇತ್ತು. ಅತ್ತೆ ಅದನ್ನೆಳೆದು ಕೂತವಳು ಕಣ್ಣೊರೆಸಿಕೊಳ್ಳುತ್ತಲೇ ಇದ್ದಳಂತೆ.

ಆಮೇಲಿನ ಎಂಟು ತಿಂಗಳು ಮರೆಯುವಂಥದ್ದಲ್ಲ. ಬಡಗಿ ತಾವು ಹಿಂದೆ ಕಟ್ಟಿದ ಒಂದು ಮರದ ಮೆಟ್ಟಿಲಿನ ಕಥೆಯನ್ನು ದಿನಕ್ಕಿಷ್ಟಿಷ್ಟೇ ಹೇಳುವರು, ಅತ್ತೆ ಸಂಜೆ ಬಂದು ನಮಗೆ ಒಪ್ಪಿಸುವಳು. “ಇವತ್ತು ಎಷ್ಟನೇ ಮೆಟ್ಟಿಲಕ್ಕಾ?” ಎಂದು ಅಪ್ಪ ಕಾಲೆಳೆಯುತ್ತಿದ್ದರು. ಅವಳು ಸಿಟ್ಟಾಗದೆ ನಗುತ್ತಿದ್ದುದು ಕಂಡು ನಮಗೇ ಗಾಬರಿ. ಸ್ವಲ್ಪ ಚೇತರಿಸಿಕೊಂಡ ಬಡಗಿ ಮಗಳ ಮನೆಗೆ ಹೋದರು. ಅತ್ತೆ ಅದೇ ಸ್ಟೂಲಿನಲ್ಲಿ ಬೇರೆಯವರ ಪಕ್ಕ ಇನ್ನೂ ಹನ್ನೊಂದು ವರ್ಷ ಕೂತಳು.

ಒಂದು ಮಧ್ಯಾಹ್ನ ಮಾತ್ರ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಡುಗೆಮನೆಯಲ್ಲಿ ಅಮ್ಮ ಮತ್ತು ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅಮ್ಮ ಏನನ್ನೋ ಹೇಳಲು ಶುರು ಮಾಡಿ ತಡವರಿಸಿ ನಿಂತಳು. ಅತ್ತೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಕಾದಳು. ಅಮ್ಮ ಮದುವೆಯಾದಾಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತಿರಬೇಕು, ಸಂಜೆಯವರೆಗೂ ಹೇಳಿದಳು. ಏನೆಂದು ನನಗೆ ಕೇಳಿಸಲಿಲ್ಲ. ಪಡಸಾಲೆಯಲ್ಲಿ ಓದುತ್ತಿದ್ದ ನನ್ನ ಕಿವಿಗೆ ಆಗೊಮ್ಮೆ ಈಗೊಮ್ಮೆ ಬಿದ್ದದ್ದು ಅತ್ತೆಯ ಒಂದೇ ಮಾತು: “ಆಮೇಲೆ?”