ಮೇಲಿನ ಮೂರು ಹೆಸರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಿಟಕಿಗೆ ಒರಗಿ ನಿಂತ ಮನೆಯ ಸೊಸೆ ಕನ್ನಡಕವನ್ನು ತಲೆಗೇರಿಸಿ, ಫೋನನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡುತ್ತಾರೆ. ಪರದೆಯ ಮೇಲೆ ಫ್ರಿಜ್ ರಿಪೇರಿಯವರ ಹೆಸರುಗಳು ಸಾಲಾಗಿ ನಿಂತಿವೆ. ಮೇಲಿನ ಮೂರು ಹಣ ಕೊಟ್ಟು ಜಾಗ ಹಿಡಿದವು. ಹಾಗೆಂದು ತಿಳಿಸುವ ‘ಜಾಹೀರಾತು’ ಎಂಬ ಪದ ಮೂಲೆಯಲ್ಲಿ, ಬೂದಿ ಬಣ್ಣದಲ್ಲಿ, ಇದ್ದೂ ಇಲ್ಲದಂತಿದೆ.

ಆ ಪದ ಕಣ್ಣಿಗೆ ಬೀಳುತ್ತದೆಯೇ ಎಂದು ಹೇಳುವುದೇ ಇವರ ಕೆಲಸ. ಅಂತರ್ಜಾಲದಲ್ಲಿ ಹುಡುಕಿಕೊಡುವ ಕಂಪನಿಯೊಂದು ಹೊಸ ಪುಟಗಳನ್ನು ಜನರ ಮುಂದಿಡುವ ಮೊದಲು ಇಂಥವರಿಗೆ ಕಳಿಸುತ್ತದೆ. ದಿನಕ್ಕೆ ಇನ್ನೂರರಷ್ಟು ಪುಟ. ಪ್ರತಿಯೊಂದಕ್ಕೂ ಎರಡೇ ಗುಂಡಿ, ‘ಗೊತ್ತಾಗುತ್ತದೆ’, ‘ಗೊತ್ತಾಗುವುದಿಲ್ಲ’. ಪಕ್ಕದ ಮನೆಯಾಕೆಗೆ ಇದನ್ನು ಫೋನ್ ನೋಡುವ ಕೆಲಸ ಎಂದು ವಿವರಿಸಿದಾಗ, ನಮ್ಮ ಮನೆಯಲ್ಲಿ ಅದನ್ನು ಎಲ್ಲರೂ ಪುಕ್ಕಟೆ ಮಾಡುತ್ತಾರೆ ಎಂಬ ಉತ್ತರ ಬಂದಿತ್ತಂತೆ.

ಜಾಹೀರಾತೇ ತಪ್ಪು ಎಂದು ಇವರು ಹೇಳುವುದಿಲ್ಲ, ಇದು ಸ್ಪಷ್ಟವಾಗಿರಬೇಕು. ಹಿಂದೆ ಬಟ್ಟೆ ಅಂಗಡಿಯಲ್ಲಿ ವರ್ಷಗಟ್ಟಲೆ ಮಾರಾಟಕ್ಕೆ ನಿಂತವರು. ಅಂಗಡಿ ಮುಚ್ಚಿದ ಮೇಲೆ ಸಿಕ್ಕ ಕೆಲಸ ಇದು. “ಕರೆದು ಮಾರೋದ್ರಲ್ಲಿ ಏನು ತಪ್ಪಿದೆ? ನಾನೂ ಬಾಯಿ ನೋಯೋವಷ್ಟು ಕರೆದಿದ್ದೀನಿ. ಆದ್ರೆ ನಾನು ಅಂಗಡಿಯೋಳು ಅಂತ ಗಿರಾಕಿಗೆ ಗೊತ್ತಿತ್ತು.”

ಕಷ್ಟ ಬೇರೆಯೇ ಇದೆ. ಕಣ್ಣು ಪಳಗಿಬಿಟ್ಟಿದೆ. ಪುಟ ತೆರೆದೊಡನೆ ನೋಟ ನೇರ ಆ ಮೂಲೆಗೇ ಹೋಗುತ್ತದೆ. ಎಷ್ಟು ಮಸುಕಾಗಿದ್ದರೂ ಪದ ಕಂಡುಬಿಡುತ್ತದೆ. ಅದಕ್ಕೇ ಕನ್ನಡಕ ತೆಗೆಯುವುದು, ಪರದೆಯ ಬೆಳಕು ತಗ್ಗಿಸುವುದು. ಅಷ್ಟಾದರೂ ನಂಬಿಕೆ ಬಾರದಿದ್ದರೆ ಅತ್ತೆಯನ್ನು ಕರೆಯುವುದು.

ಈ ವಾರ ಆ ನಂಬಿಕೆಯ ಬೆಲೆ ಹೆಚ್ಚಿದೆ. ಕೆಲಸದ ಒಪ್ಪಂದ ಮುಗಿಯುತ್ತಾ ಬಂದಿದೆ. ಇದೇ ಬೂದಿ ಬಣ್ಣದ ಪುಟಗಳಿಗೆ ಉಳಿದವರೆಲ್ಲ ‘ಗೊತ್ತಾಗುತ್ತದೆ’ ಎಂದಿದ್ದಾರೆ, ನಿಮ್ಮ ಉತ್ತರ ಮಾತ್ರ ಹೊಂದುತ್ತಿಲ್ಲ ಎಂದು ಮೇಲ್ವಿಚಾರಕಿ ಮೆತ್ತಗೆ ಎಚ್ಚರಿಸಿದ್ದಾರೆ. ಉತ್ತರ ಹೊಂದದವರಿಗೆ ಮತ್ತೆ ಕೆಲಸ ಬರುವುದು ಅಪರೂಪ. ರಾತ್ರಿಯೆಲ್ಲ ತಮ್ಮ ಕಣ್ಣಿನ ಮೇಲೇ ಅನುಮಾನ ಪಟ್ಟ ಸೊಸೆ ಈಗ ಫೋನನ್ನು ಅತ್ತೆಯ ಕೈಗಿಡುತ್ತಾರೆ.

“ಅತ್ತೆ, ನಮ್ಮ ಫ್ರಿಜ್ ಕೆಟ್ಟಿದೆ ಅನ್ಕೊಳ್ಳಿ. ಯಾರನ್ನ ಕರೀತೀರಿ?”

ಅತ್ತೆ ತಡಮಾಡದೆ ಮೊದಲ ಹೆಸರನ್ನು ಒತ್ತುತ್ತಾರೆ. “ಇವನೇ. ಎಲ್ಲರಿಗಿಂತ ಮುಂದೆ ಕೂತಿದ್ದಾನೆ, ಕೆಲಸ ಬಲ್ಲವನೇ ಇರಬೇಕು.”

“ದುಡ್ಡು ಕೊಟ್ಟು ಕೂತಿದ್ದಾನೆ. ಅಲ್ಲೇ ಬರೆದಿದೆ, ನೋಡಿ.”

ಅತ್ತೆ ಫೋನನ್ನು ಮೂಗಿಗೆ ತಾಗಿಸುವಷ್ಟು ಹತ್ತಿರ ತರುತ್ತಾರೆ. “ಇದನ್ನ ಇರುವೆ ಓದ್ಲಿ ಅಂತ ಬರೆದಿದ್ದಾರೇನೇ?”

ಸೊಸೆಗೆ ನಗು ತಡೆಯಲಾಗುವುದಿಲ್ಲ. ನಗು ನಿಂತ ಮೇಲೆ ಫೋನನ್ನು ಹಿಂದಕ್ಕೆ ಪಡೆದು, ‘ಗೊತ್ತಾಗುವುದಿಲ್ಲ’ ಗುಂಡಿ ಒತ್ತುತ್ತಾರೆ.

ಕೆಲಸ ಉಳಿಯುತ್ತದೋ ಇಲ್ಲವೋ, ಇವರಿಗೂ ತಿಳಿಯದು. ಕೇಳಿದರೆ ಭುಜ ಹಾರಿಸುತ್ತಾರೆ. ಕಂಪನಿಯಿಂದ ಏನು ಬೇಕು ಎಂದರೆ ಮಾತ್ರ ಉತ್ತರ ಸಿದ್ಧವಿದೆ.

“ಆ ಪದಕ್ಕೆ ಸ್ವಲ್ಪ ಬಣ್ಣ ತುಂಬಲಿ, ಸಾಕು. ಆಮೇಲೂ ನಮ್ಮತ್ತೆ ಅವನನ್ನೇ ಕರೀತೀನಿ ಅಂದ್ರೆ ಕರೀಲಿ. ಗೊತ್ತಿದ್ದು ಕರೀಲಿ.”