ಖಾಲಿ ತೊಟ್ಟಿಲ ಮುಂದೆ ಗೋದಲಿಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಾಲ್‌ನ ಎಸ್ಕಲೇಟರ್ ನಿಂತಿದೆ, ಅಂಗಡಿಗಳ ಷಟರ್ ಇಳಿದಿವೆ. ಕೆಳಮಹಡಿಯ ನಡುವೆ, ಆಳೆತ್ತರ ಮೀರಿದ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರದ ಬುಡದಲ್ಲಿ, ಹೆಂಗಸೊಬ್ಬರು ಮಂಡಿಯೂರಿ ಕುಳಿತು ಮಣ್ಣಿನ ಕತ್ತೆಯ ಮುರಿದ ಕಿವಿಗೆ ಅಂಟು ಹಚ್ಚುತ್ತಿದ್ದಾರೆ.

"ಲಾರಿಯೋರು ಎತ್ತಿ ಹಾಕಿದ್ದಾರೆ. ಪುಣ್ಯಕ್ಕೆ ಕತ್ತೆ, ತಡ್ಕೊಂಡಿದೆ," ಎನ್ನುತ್ತಾರೆ, ಪತ್ರಿಕೆಗಾಗಿ ಕ್ಯಾಮೆರಾ ಹಿಡಿದು ಬಂದ ನನಗೆ.

ಎಲ್ಲರೂ ಇವರನ್ನು ಗೋದಲಿಯಮ್ಮ ಎಂದೇ ಕರೆಯುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವೇ ಗೋದಲಿ. ಅದರ ತಾಯಿ, ತಂದೆ, ಕುರುಬರು, ದನಕರು ಎಲ್ಲವನ್ನೂ ಇವರು ಕೈಯಲ್ಲೇ ತಿದ್ದುತ್ತಾರೆ. ಕಲಿಸಿದ್ದು ಅತ್ತೆ. ಒಂದು ಕಾಲಕ್ಕೆ ಮನೆಮನೆಯವರೂ ಬಂದು ಒಯ್ಯುತ್ತಿದ್ದರು. ಈಗ ಉಳಿದಿರುವುದು ಈ ಮಾಲ್‌ನ ಕೆಲಸವೊಂದೇ.

"ಈಗ ಡಬ್ಬಿಯಲ್ಲಿ ಪ್ಲಾಸ್ಟಿಕ್ ಸೆಟ್ ಬರುತ್ತಲ್ಲ, ಬಿದ್ರೂ ಒಡೆಯಲ್ಲ. ನಮ್ಮೋರು ಬಿದ್ರೆ ಒಡೀತಾರೆ, ಮನುಷ್ಯರ ಹಾಗೆ."

ಎಲ್ಲ ಗೊಂಬೆಗಳೂ ನಿಂತಿವೆ, ಹುಲ್ಲು ಹಾಸಿದ ತೊಟ್ಟಿಲು ಮಾತ್ರ ಖಾಲಿ. ಅತ್ತೆ ಹಾಕಿಕೊಟ್ಟ ಕಟ್ಟಳೆ ಅದು: ಹಬ್ಬದ ಹಿಂದಿನ ರಾತ್ರಿಯೇ ಕೂಸನ್ನು ಮಲಗಿಸಬೇಕು. ಅಲ್ಲಿಯವರೆಗೆ ಕೂಸು ಬಟ್ಟೆಯಲ್ಲಿ ಸುತ್ತಿಕೊಂಡು ಗೋದಲಿಯಮ್ಮನ ಊಟದ ಚೀಲದಲ್ಲಿರುತ್ತದೆ. ಹೋದ ವರ್ಷ ಮ್ಯಾನೇಜರ್ ಎಷ್ಟು ಗದರಿದರೂ ಇವರು ಜಗ್ಗಿರಲಿಲ್ಲ.

ಹಬ್ಬಕ್ಕೆ ಇನ್ನೂ ತಿಂಗಳ ಮೇಲಿದೆ. ಮಹಾ ಮಾರಾಟ ಮಾತ್ರ ಇವತ್ತೇ, ಬೆಳಕು ಹರಿಯುತ್ತಲೇ ಶುರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಕೇಳಿದ್ದೆವು. ಇಲ್ಲಿ ಕುಲಾವಿಗೆ ರಿಯಾಯಿತಿಯನ್ನೂ ಘೋಷಿಸಿಯಾಗಿದೆ. ಉಡುಗೊರೆ ಬಾರದ ಮನೆಗೆ ಹಬ್ಬವೇ ಬರಲಿಲ್ಲ ಎಂದು ಮಕ್ಕಳು ನಂಬುವ ಹಾಗೆ ಮಾಡಿಟ್ಟಿದ್ದೇವೆ. ನನಗಂತೂ ಮೈ ಉರಿಯುತ್ತದೆ.

ಗೋದಲಿಯಮ್ಮನ ಕಣ್ಣು ಮತ್ತೆ ಮತ್ತೆ ಮೇಲಿನ ಮಹಡಿಗೆ ಹೋಗುತ್ತದೆ. ಅಲ್ಲಿ ಉಡುಗೊರೆಗೆ ಬಣ್ಣದ ಕಾಗದ ಸುತ್ತುವ ಕೌಂಟರಿನಲ್ಲಿ ಅವರ ಮಗಳಿದ್ದಾಳೆ. ಸೀಸನ್ ಎಂದು ಕತ್ತಲಲ್ಲೇ ಕರೆಸಿಕೊಂಡಿದ್ದಾರೆ. ಏಳು ತಿಂಗಳ ಬಸುರಿ. ಕೂತರೆ ನೋಡಲು ಚೆನ್ನಾಗಿರುವುದಿಲ್ಲವೆಂದು ಸ್ಟೂಲನ್ನೂ ಕೊಟ್ಟಿಲ್ಲ.

"ಹೀಗೇ ನಿಂತಿದ್ರೆ ದಿನ ತುಂಬೋಕ್ಕೆ ಮುಂಚೆ ಹೆರಿಗೆ ಆಗುತ್ತೆ ಅಂತ ಡಾಕ್ಟರಮ್ಮ ಬೈದ್ರು. ರಜೆ ಕೇಳಿದ್ರೆ ಸೀಸನ್ ಮುಗೀಲಿ ಅಂತಾರೆ. ಹೇಳದೆ ಮನೇಲಿ ಉಳಿದ್ರೆ ಕೆಲಸ ಹೋಗುತ್ತೆ."

ಅಷ್ಟರಲ್ಲಿ ಮ್ಯಾನೇಜರ್ ಬರುತ್ತಾರೆ. ತೊಟ್ಟಿಲು ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ಏನಮ್ಮಾ ಇದು? ಮೇನ್ ಐಟಮ್ಮೇ ಇಲ್ವಲ್ಲ!"

"ಇನ್ನೂ ಹುಟ್ಟಿಲ್ಲ ಸರ್."

"ಮತ್ತೆ ಅದೇ ರಾಗ! ಇನ್ನೇನು ಬಾಗಿಲು ತೆಗೀತೀವಿ, ಜನ ಫೋಟೋ ತಗೋಬೇಕು. ಮುಂದಿನ ವರ್ಷ ಪ್ಲಾಸ್ಟಿಕ್ಕೇ ತರಿಸ್ತೀನಿ." ಅವರು ಸೆಂಟಿನ ಗಿಫ್ಟ್ ಪ್ಯಾಕೊಂದನ್ನು ತಂದು ಹುಲ್ಲಿನ ಮೇಲೆ ಇಡುತ್ತಾರೆ. "ಸದ್ಯಕ್ಕೆ ಇದಿರಲಿ."

ಗೋದಲಿಯಮ್ಮ ಪ್ಯಾಕನ್ನು ಎತ್ತಿ ಪಕ್ಕಕ್ಕಿಟ್ಟು, ಚೀಲದಿಂದ ಬಟ್ಟೆಯ ಗಂಟನ್ನು ತೆಗೆದು ಎದೆಗವಚಿಕೊಳ್ಳುತ್ತಾರೆ.

"ಈಗ್ಲೇ ಮಲಗಿಸ್ತೀನಿ ಸರ್. ಆದ್ರೆ ನನ್ನ ಮಗಳನ್ನ ಇವತ್ತೇ ಮನೆಗೆ ಕಳಿಸಿ. ಹೆರಿಗೆ ರಜೆ ಅಂತ ಬರೆದು ಕೊಡಿ. ಕೆಲಸಾನೂ ಉಳೀಬೇಕು."

"ಅದಕ್ಕೂ ಇದಕ್ಕೂ ಏನಮ್ಮಾ ಸಂಬಂಧ?"

"ಎರಡು ಕೂಸಿಗೂ ನೀವೇ ಆತುರ ಮಾಡ್ತಿದ್ದೀರಲ್ಲ ಸರ್."

ಮ್ಯಾನೇಜರ್ ನನ್ನ ಕ್ಯಾಮೆರಾ ನೋಡುತ್ತಾರೆ, ಗಡಿಯಾರ ನೋಡುತ್ತಾರೆ. ಹೊರಗೆ ಜನರ ಗದ್ದಲ ಏರುತ್ತಿದೆ. ಗೋದಲಿಯಮ್ಮ ಗಂಟು ಬಿಚ್ಚುತ್ತಿಲ್ಲ. ಕೊನೆಗೆ ಮ್ಯಾನೇಜರ್ ಗೊಣಗುತ್ತಾ ಮೇಲಿನ ಮಹಡಿಗೆ ಫೋನ್ ಮಾಡಿ ರಜೆ ಬರೆದುಕೊಡಲು ಹೇಳುತ್ತಾರೆ.

ಮಗಳು ಕಂಬಿ ಹಿಡಿದು ನಿಧಾನವಾಗಿ ಇಳಿದು ಬರುತ್ತಾಳೆ. ಸಹಿಯಾದ ರಜೆಚೀಟಿಯನ್ನು ಅಮ್ಮನಿಗೆ ತೋರಿಸುತ್ತಾಳೆ. ಆಗಲೇ ಗಂಟು ಬಿಚ್ಚುವುದು. ಅಂಗೈಯಗಲದ ಮಣ್ಣಿನ ಕೂಸನ್ನು ಹುಲ್ಲಿನ ಮೇಲೆ ಮಲಗಿಸಿ, ಗೋದಲಿಯಮ್ಮ ಅದರ ಹಣೆ ಮುಟ್ಟಿ ಏನೋ ಪಿಸುಗುಡುತ್ತಾರೆ. ಷಟರ್‌ಗಳು ಮೇಲೇರುತ್ತವೆ.

ಅತ್ತೆಯ ಕಟ್ಟಳೆ ಮುರಿದಿದ್ದಕ್ಕೆ ಬೇಸರವಿಲ್ಲವೇ? ಹಿಂಬಾಗಿಲಲ್ಲಿ ಕೇಳುತ್ತೇನೆ.

"ಇಲ್ದೆ ಏನು? ಅತ್ತೆ ಇದ್ದಿದ್ರೆ ಮೂರು ದಿನ ಮಾತು ಬಿಡ್ತಿದ್ರು." ಮಗಳ ಕೈಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ಮಣ್ಣಿನ ಕೂಸು ತಿಂಗಳು ಮುಂಚೆ ಬಂದ್ರೂ ತಡ್ಕೊಳ್ಳುತ್ತೆ. ನಮ್ಮನೆ ಕೂಸು ಅದರ ಟೈಮಿಗೇ ಬರ್ಲಿ."