ಬಟ್ಟಲ ಮೇಲೆ ನನ್ನ ಹೆಸರು

ಗೆಳತಿಯರೇ, ಇವತ್ತು ಒಂದು ಬಟ್ಟಲು ಟೊಮೆಟೊ ಸಾಸ್ ನನ್ನ ಹೊಟ್ಟೆಗೆ ಬೆಂಕಿ ಹಾಕಿತು.

ಬೆಳಿಗ್ಗೆ ಎದುರು ಮನೆಯ ಗಿರಿಜಾ ಅದನ್ನು ತಂದುಕೊಟ್ಟಳು. "ಅಕ್ಕಾ, ಇದು ಇಟಲಿ ಕಡಿ ಸಾಸ್ ಐತ್ರಿ. ಬೊಂಬಾಯಿ ತಂಗಿ ಕಲಿಸ್ಯಾಳ. ಟೊಮೆಟೊ, ಬಳ್ಳುಳ್ಳಿ, ಎಣ್ಣಿ, ಮ್ಯಾಲೆ ನಾಕು ಕಾಮಕಸ್ತೂರಿ ಎಲಿ, ಅಷ್ಟ."

ನಾವು ತಲೆಗೆ ಮುಡಿಯುವ ಕಾಮಕಸ್ತೂರಿ! ಮಧ್ಯಾಹ್ನ ಮನೆಯವರು ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದು, ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದರು. ಮದುವೆಯಾಗಿ ಹನ್ನೊಂದು ವರ್ಷವಾಯಿತು, ನನ್ನ ಯಾವ ಅಡುಗೆಗೂ ಆ ಬೆರಳು ಅಷ್ಟು ದುಡಿದಿಲ್ಲ.

ನಾನೇನು ಕಡಿಮೆ? ಸೀಮೆಎಣ್ಣೆ ಸ್ಟೋವ್ ಹಚ್ಚಿ, ಕುರುಗೋಡಿನಿಂದ ತಮ್ಮ ತಂದಿದ್ದ ಟೊಮೆಟೊವನ್ನೆಲ್ಲ ಕುದಿಸಿದೆ. ಅವಳು ಹೇಳಿದ್ದನ್ನೇ ಹಾಕಿದೆ. ಆದರೆ ಒಗ್ಗರಣೆಯಿಲ್ಲದೆ ಪಾತ್ರೆ ಇಳಿಸಲು ಕೈ ಬರಲಿಲ್ಲ. ಸಾಸಿವೆ, ಇಂಗು ಸಿಡಿಸಿ ಸುರಿದುಬಿಟ್ಟೆ. ನನ್ನ ಹೆಸರು ಕೊರೆಸಿದ ದೊಡ್ಡ ಸ್ಟೀಲ್ ಬಟ್ಟಲಿನ ತುಂಬ ಹಾಕಿ, ಅವಳ ಬಟ್ಟಲಿನ ಜೊತೆ ಕೊಟ್ಟೆ.

ಗಿರಿಜಾ ಅಲ್ಲೇ ಬೆರಳದ್ದಿ ರುಚಿ ನೋಡಿದಳು. "ಅಯ್ಯ ಅಕ್ಕಾ, ನಿಮ್ಮ ಟೊಮೆಟೊ ಗೊಜ್ಜು ಭಾಳ ಚೊಲೋ ಆಗೇತ್ರಿ!"

ಗೊಜ್ಜಂತೆ!

ನಮ್ಮ ಓಣಿಯಲ್ಲಿ ಯಾರ ಬಟ್ಟಲನ್ನೂ ಖಾಲಿ ಹಿಂದಿರುಗಿಸುವ ರೂಢಿಯಿಲ್ಲ. ಸಂಜೆ ನನ್ನದು ಮನೆಗೆ ಬಂತು. ಮೇಲೆ ನನ್ನ ಹೆಸರು, ಒಳಗೆ ಅಂಚಿನವರೆಗೂ ಅವಳ ಸಾಸ್.

ಮನೆಯವರು ಆಗಲೇ ತಟ್ಟೆಗೆ ರೊಟ್ಟಿ ಹಾಕಿಕೊಂಡು ಕೂತಿದ್ದರು. ಬಟ್ಟಲು ನೋಡಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಹೊಗಳಿದರು:

"ದೊಡ್ಡ ಬಟ್ಟಲ ಕೊಟ್ಟು ಬಂದಿ, ಭಾಳ ಚೊಲೋ ಮಾಡಿದಿ ನೋಡು."